ಗುಂಡುಕಲ್ಲಿಗೆ ಬೆಲ್ಟು ಬಿಗಿಯುವ ಅನುಸೂಯಮ್ಮ

ಎರಡು ವರ್ಷದ ಹಿಂದೆ, ಮಾಘ ಮಾಸದ ಒಂದು ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ನಮ್ಮ ಮನೆಗೆ ಸುದ್ದಿ ಬಂತು. ಬಾಗಿಲಲ್ಲಿ ಚೆಲ್ಲಿದ ಆರತಿಯ ನೀರು ಆಗಿನ್ನೂ ಆರಿರಲಿಲ್ಲ. ಬಾಣಂತನ ಮುಗಿಸಿಕೊಂಡು ಮಗಳು ನಂದಿತಾ ಅರಸೀಕೆರೆಯಿಂದ ಬೇಲೂರಿನ ಗಂಡನ ಮನೆಗೆ ಹೊರಟು ಎರಡು ಗಂಟೆಯೂ ಆಗಿರಲಿಲ್ಲ. ಜಾವಗಲ್ ದಾಟಿದ ಮೇಲೆ, ಮುಂದೆ ಹೋಗುತ್ತಿದ್ದ ತೆಂಗಿನಕಾಯಿ ತುಂಬಿದ ಟ್ರಾಕ್ಟರು ಇದ್ದಕ್ಕಿದ್ದಂತೆ ನಿಂತಿತು. ಅಳಿಯ ಬ್ರೇಕು ಒತ್ತಿದ. ಕಾರಿನ ಮೂತಿ ಸ್ವಲ್ಪ ನೆಗ್ಗಿತು, ಅಷ್ಟೆ. ದೊಡ್ಡವರಿಗೆ ಯಾರಿಗೂ ಪೆಟ್ಟಾಗಲಿಲ್ಲ. ಮೂರು ತಿಂಗಳ ಗಾನವಿ ಮಾತ್ರ ತಾಯಿಯ ಕೈಯಲ್ಲಿ ನಿಲ್ಲಲಿಲ್ಲ.

ಕೂಸಿಗೆಂದು ತಂದ ಕಾರ್ ಸೀಟು ಡಿಕ್ಕಿಯಲ್ಲಿತ್ತು. ಹಿಂದಿನ ಸಂಜೆ ಅನುಸೂಯಮ್ಮ ಎಂಬುವರು ಬಂದು ಅದನ್ನು ಕಾರಿನ ಹಿಂಬದಿಗೆ ಬಿಗಿದು ಹೋಗಿದ್ದರು. ಹೊರಡುವ ಹೊತ್ತಿಗೆ ಅದನ್ನು ಬಿಚ್ಚಿಸಿದವನು ನಾನು. “ಮಡಿಲು ತುಂಬಿ ಕಳಿಸುತ್ತಿದ್ದೇವೆ. ಗಂಡನ ಮನೆಯ ಹೊಸ್ತಿಲು ದಾಟುವ ತನಕ ಕೂಸನ್ನು ಮಡಿಲಿನಿಂದ ಇಳಿಸಬೇಡ” ಎಂದೆ. ಹಿರಿಯನ ಮಾತಿಗೆ ಮನೆಯಲ್ಲಿ ಯಾರೂ ಎದುರಾಡಲಿಲ್ಲ. ನನ್ನ ಸಂಗತಿ ಇಷ್ಟೇ. ಇನ್ನು ಮುಂದಿನದು ಅನುಸೂಯಮ್ಮನವರದು.

ಮೊನ್ನೆ ಸೋಮವಾರ, ಬೆಳಗಿನ ಐದೂವರೆ. ಅರಸೀಕೆರೆ ಬಸ್ ನಿಲ್ದಾಣದಲ್ಲಿ ಗಂಡಸಿ ಊರಿಗೆ ಹೋಗುವ ಮೊದಲ ಬಸ್ಸು ಗುಡುಗುಡು ಎನ್ನುತ್ತಾ ನಿಂತಿದೆ. ಐವತ್ತೊಂದು ವರ್ಷದ ಅನುಸೂಯಮ್ಮ ತೊಡೆಯ ಮೇಲೆ ರೆಕ್ಸಿನ್ ಚೀಲ ಇಟ್ಟುಕೊಂಡು, ಎರಡೂ ಕೈಯಿಂದ ತಬ್ಬಿ ಕೂತಿದ್ದಾರೆ. ಅವರ ಬಗ್ಗೆ ಬರೆಯಲೆಂದು ನಾನೂ ಜೊತೆಗೆ ಹೊರಟಿದ್ದೇನೆ. ಚೀಲದಲ್ಲಿ ಒರಳಿನ ಗುಂಡುಕಲ್ಲು ಇದೆ. ಅದರ ತಲೆಗೊಂದು ಬಿಳಿಯ ಕುಲಾವಿ ಕಟ್ಟಿದೆ. ನಮ್ಮ ಕಡೆ ನಾಮಕರಣದ ದಿನ ಬರಿದಾದ ತೊಟ್ಟಿಲು ತೂಗುವುದಿಲ್ಲ. ಮೊದಲು ಗುಂಡುಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಕುಲಾವಿ ತೊಡಿಸಿ, ಗುಂಡಪ್ಪನೆಂದು ಕರೆದು ಮಲಗಿಸುತ್ತಾರೆ. ಕೂಸು ಆಮೇಲೆ.

ಕಂಡಕ್ಟರು ಚೀಲದೊಳಗೆ ಇಣುಕಿ ನಗುತ್ತಾನೆ. “ಏನಮ್ಮೋ, ಇವತ್ತೂ ಕೂಸ್ನ ಎತ್ಕಂಡು ಹೊಂಟ್ಯಾ? ಅದ್ಕೂ ಟಿಕೆಟ್ ತಗಾ ಮತ್ತೆ.”

“ಹೆಣ್ಣುಕೂಸು ಕಣಪ್ಪಾ. ಇದ್ಕೂ ಫ್ರೀ ಐತೆ, ನಡಿ.”

ಬಸ್ಸಿನಲ್ಲಿದ್ದವರು ನಗುತ್ತಾರೆ. ಅನುಸೂಯಮ್ಮ ನಗುವುದಿಲ್ಲ. ಕುಲಾವಿಯ ದಾರವನ್ನು ಮತ್ತೊಮ್ಮೆ ಸರಿಮಾಡುತ್ತಾರೆ.

ಅವರು ಓದಿದ್ದು ಏಳನೆಯ ತರಗತಿ. ಗಂಡ ಮರಿಯಣ್ಣನ ಜೊತೆ ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಇಪ್ಪತ್ತಾರು ವರ್ಷದಿಂದ ಸೀಟು ಕವರ್ ಹೊಲಿಯುವ ಅಂಗಡಿ ನಡೆಸುತ್ತಿದ್ದಾರೆ. ದಿನಕ್ಕೆ ಎರಡೋ ಮೂರೋ ಟ್ರಾಕ್ಟರ್ ಸೀಟು, ಆಟೋ ಹುಡ್ಡು, ಮದುವೆ ಕಾಲದಲ್ಲಿ ಕಾರುಗಳು. ಮರಿಯಣ್ಣನ ಬೆನ್ನು ನೋವು ಹೆಚ್ಚಾದ ಮೇಲೆ ಅವರು ಕೂತು ರೆಕ್ಸಿನ್ ಕತ್ತರಿಸುತ್ತಾರೆ. ಕಾರಿನೊಳಗೆ ಬಗ್ಗಿ ಮಾಡುವ ಕೆಲಸವೆಲ್ಲ ಹೆಂಡತಿಯದು.

ಎಂಟು ವರ್ಷದ ಹಿಂದೆ ಒಬ್ಬ ಡಾಕ್ಟರು ತಮ್ಮ ಮಗುವಿನ ಕಾರ್ ಸೀಟನ್ನು, ಬಟ್ಟೆ ಹರಿದಿದೆ ಎಂದು, ಇವರ ಅಂಗಡಿಗೆ ತಂದರು. ಅನುಸೂಯಮ್ಮ ಅಂಥದ್ದನ್ನು ನೋಡಿದ್ದು ಅದೇ ಮೊದಲು. ಬಿಚ್ಚಿ ಹೊಲಿದರು. ತಿರುಗಿ ಕಾರಿಗೆ ಕಟ್ಟಲು ಹೋದರೆ ಅದು ಅಲ್ಲಾಡುತ್ತದೆ. “ಎರಡು ದಿನ ಅದರ ಮುಂದೆ ಕೂತೆ. ಬಟ್ಟೆ ಹೊಲಿಯೋದು ಕೆಲಸವೇ ಅಲ್ಲ ಅಂತ ಗೊತ್ತಾತು. ಬೆಲ್ಟು ಯಾವ ಸಂದಿಯಾಗೆ ಹೋಗ್ತೈತೆ ಅನ್ನೋದೇ ಎಲ್ಲಾ. ಡಾಕ್ಟ್ರೂ ಅಷ್ಟು ದಿನ ತಪ್ಪಾಗೇ ಕಟ್ಟಿದ್ರು, ಪಾಪ” ಎನ್ನುತ್ತಾರೆ.

ಅಂದಿನಿಂದ ಯಾರು ಮೊಬೈಲಿನಲ್ಲಿ ಕಾರ್ ಸೀಟು ತರಿಸಿದರೂ ಇವರ ಬಳಿ ಬರುತ್ತಾರೆ. ಇನ್ನೂರ ಮೂವತ್ತೆಂಟು ಕಾರು ನೋಡಿದ್ದಾರಂತೆ. ಬರುವಾಗಲೇ ಸರಿಯಾಗಿ ಕಟ್ಟಿದ್ದವು ಎಷ್ಟು ಎಂದು ಕೇಳಿದರೆ ಯೋಚಿಸದೆ “ಹನ್ನೊಂದು” ಎನ್ನುತ್ತಾರೆ.

ಈ ಹಾದಿಯಲ್ಲಿ ಅವರದೂ ಒಂದು ತಪ್ಪಾಗಿದೆ. ಅದನ್ನು ಬರೆಯಲೇಬೇಕೆಂದು ಅವರೇ ಹೇಳಿದರು. ಶುರುವಿನಲ್ಲಿ ಅಜ್ಜಿಯರು ಸೀಟನ್ನು ಒಪ್ಪುತ್ತಿರಲಿಲ್ಲ. ಗಟ್ಟಿಯಾಗಿದೆ, ಕೂಸಿಗೆ ಒತ್ತುತ್ತದೆ ಎನ್ನುತ್ತಿದ್ದರು. ಅವರನ್ನು ಒಲಿಸಲು ಅನುಸೂಯಮ್ಮ ಆಯಾ ತಾಯಿಯ ಹಳೆಯ ಹತ್ತಿಯ ಸೀರೆ ಮಡಿಸಿ, ನಡುವೆ ಹತ್ತಿ ತುಂಬಿ, ಮೆತ್ತನೆಯ ಹಾಸಿಗೆ ಹೊಲಿದು ಸೀಟಿನೊಳಗೆ ಹಾಕಿಕೊಟ್ಟರು. ಎಲ್ಲರಿಗೂ ಮೆಚ್ಚಿಗೆಯಾಯಿತು. ಒಂದು ದಿನ ಅಂಥ ಸೀಟಿನಲ್ಲಿ ಅಂಗಡಿಯಲ್ಲಿದ್ದ ಯಾವುದೋ ಕಲ್ಲನ್ನು ಬಿಗಿದು ಜಗ್ಗಿ ನೋಡಿದರೆ, ಹಾಸಿಗೆ ಅಮುಕಿಕೊಂಡು ಬೆಲ್ಟು ಸಡಿಲವಾಯಿತು, ಕಲ್ಲು ಜಾರಿತು. ಮರುದಿನವೇ ಅಂಗಡಿ ಮುಚ್ಚಿ ಹಾಸಿಗೆ ಕೊಟ್ಟ ಹದಿನೇಳು ಮನೆಗಳನ್ನೂ ಹುಡುಕಿಕೊಂಡು ಹೊರಟರು.

“ಬೇಲೂರಲ್ಲಿ ಒಂದು ಮನೆಯೋರು ಕೊಡೋದೇ ಇಲ್ಲ ಅಂದ್ರು. ಚೆನ್ನಾಗೈತೆ, ನಮ್ಗೆ ಬೇಕು ಅಂತ. ಅವರ ಬಾಗಿಲಲ್ಲೇ ಕೂತ್ಕಂಡೆ. ಸಂಜೆ ನಾಲ್ಕಕ್ಕೆ ಕೊಟ್ರು.”

ಅಂಗಡಿಯಲ್ಲಿ ಈ ಮಾತು ಬಂದಾಗ ಪಕ್ಕದಲ್ಲಿದ್ದ ಮರಿಯಣ್ಣ ಕತ್ತರಿ ನಿಲ್ಲಿಸಿ ಹೇಳುತ್ತಾರೆ: “ಹದಿನೇಳನ್ನೂ ತಂದು ಒಲೆಗೆ ಹಾಕಿದ್ಳು ಸಾರ್. ಅವತ್ತು ನಮ್ಮನೇಲಿ ನೀರು ಕಾದಿದ್ದೇ ಕಾದಿದ್ದು.”

“ನೀವು ಸುಮ್ಕಿರಿ. ಸ್ನಾನ ಮಾಡಿದೋರು ನೀವೇ ತಾನೆ?”

ಕಾರ್ ಸೀಟು, ಕೂಸಿನ ತಳ್ಳುಗಾಡಿ ಆರಿಸುವವರಿಗೆ ಅವರು ಕಂಪನಿಯ ಹೆಸರು ಹೇಳುವುದಿಲ್ಲ. ಪ್ರಶ್ನೆ ಕೇಳುತ್ತಾರೆ. ಕಳೆದ ವಾರ ಬೇಲೂರಿನ ಲಕ್ಷ್ಮೀಶ ಎಂಬ ಹೊಸ ತಂದೆ ಮೊಬೈಲಿನಲ್ಲಿ ಅಂಥ ಒಂದು ತಳ್ಳುಗಾಡಿಯ ಚಿತ್ರ ತೋರಿಸಿದರು. ಅನುಸೂಯಮ್ಮ ಕೇಳಿದರು: “ಕೂಸಿಗೆ ಎಷ್ಟು ದಿನ?” ಇಪ್ಪತ್ತು ದಿನ. “ಇದು ಪೂರಾ ಮಲಗಿಸೋಕೆ ಬರಲ್ಲ. ಕತ್ತು ನಿಲ್ಲದ ಕೂಸ್ನ ಇದ್ರಾಗೆ ಕೂರಿಸಿದ್ರೆ ತಲೆ ಎದೆಗೆ ಬೀಳ್ತೈತೆ. ಮನೆ ಎಲ್ಲಿ?” ಗುಡಿಯ ಹಿಂದಿನ ಬೀದಿ. “ದಿನಾ ಗುಡಿಗೆ ಹೋಗ್ತೀರಾ?” ಹೋಗುತ್ತೇವೆ. “ಹಂಗಾರೆ ಇಷ್ಟು ಪುಟ್ಟ ಚಕ್ರ ಕಲ್ಲುಹಾಸಿನ ಸಂದಿಗೆ ಸಿಕ್ಕಾಕ್ಕಂತೈತೆ. ದೊಡ್ಡ ಚಕ್ರದ್ದು ನೋಡಿ. ಮಡಿಸಿದ್ರೆ ನಿಮ್ಮ ಡಿಕ್ಕಿ ಒಳಗೆ ಹಿಡೀತೈತಾ ಅಂತ ಅಳತೆ ತಗಳಿ. ಬಣ್ಣ ಆಮೇಲೆ ನೋಡುವ್ರಂತೆ.” ಲಕ್ಷ್ಮೀಶ ಅಂಗಡಿಯ ಟೇಪನ್ನೇ ಇಸಿದುಕೊಂಡು ಕಾರಿನ ಹಿಂದಕ್ಕೆ ಹೋದರು.

ಕಾರ್ ಸೀಟಿನ ಮಾತು ಇನ್ನೂ ಖಡಕ್ಕು. ವಯಸ್ಸಲ್ಲ, ತೂಕ ಮತ್ತು ಉದ್ದ ನೋಡಬೇಕು. ಹಸುಗೂಸು ಹಿಂಬದಿಯ ಸೀಟಿನಲ್ಲಿ, ಕಾರಿನ ಹಿಂದಕ್ಕೆ ಮುಖಮಾಡಿ ಕೂರಬೇಕು. ಬಿಗಿದ ಸೀಟು ಒಂದು ಅಂಗುಲಕ್ಕಿಂತ ಹೆಚ್ಚು ಅಲ್ಲಾಡಬಾರದು. ಬೆಲ್ಟಿನ ಕೆಳಗೆ ದಪ್ಪ ಸ್ವೆಟರ್, ರಗ್ಗು ಬೇಡ. ಯಾರೋ ಕೊಟ್ಟ ಹಳೆಯ ಸೀಟಾದರೆ ಅಪಘಾತ ಕಂಡಿದೆಯೇ ಎಂದು ಮೊದಲು ಕೇಳಬೇಕು. ಕಂಡಿದ್ದರೆ ಎಷ್ಟೇ ಚೆನ್ನಾಗಿ ಕಾಣಲಿ, ಬೇಡ.

ಈ ಕೊನೆಯ ಮಾತಿಗಾಗಿಯೇ ಅವರು ನಮ್ಮ ಮನೆಗೆ ಬಂದಿದ್ದರು. ಗಾನವಿಯನ್ನು ಮಣ್ಣು ಮಾಡಿದ ಒಂಬತ್ತನೆಯ ದಿನ. ಸಮಾಧಾನದ ಮಾತು ಆಡಲಿಲ್ಲ, ನನ್ನನ್ನು ದೂರಲೂ ಇಲ್ಲ. “ಮೇಷ್ಟ್ರೇ, ಆ ಸೀಟು ಕೊಡಿ. ಡಿಕ್ಕಿ ಒಳಗಿದ್ರೂ ಅದು ಅಪಘಾತ ಕಂಡೈತೆ. ಮರುಕ ಬಂದು ನೀವು ಅದನ್ನ ಯಾವುದಾದ್ರೂ ಕೂಸಿಗೆ ದಾನ ಕೊಟ್ಟೀರಿ. ನಾನು ಕೊಯ್ದು, ಬೆಲ್ಟು ಹೋಗೋ ದಾರಿ ಜನಕ್ಕೆ ತೋರಿಸ್ತೀನಿ” ಎಂದರು. ನನ್ನ ಹೆಂಡತಿ ಸೀಟು ತಂದುಕೊಟ್ಟಳು. ಮತ್ತೆ ಒಳಗೆ ಹೋಗಿ, ಗಾನವಿಯ ನಾಮಕರಣದಲ್ಲಿ ತೊಟ್ಟಿಲಿಗೆ ಹಾಕಿದ್ದ ಗುಂಡುಕಲ್ಲನ್ನೂ ಕುಲಾವಿಯ ಸಮೇತ ತಂದು ಅವರ ಕೈಗಿಟ್ಟಳು. “ಇದೂ ತಗೊಂಡು ಹೋಗವ್ವಾ. ಇನ್ನು ನಾನು ಇದರಲ್ಲಿ ರುಬ್ಬಲಾರೆ.”

ಕೊಯ್ದ ಸೀಟು ಈಗ ಅಂಗಡಿಯ ಗೋಡೆಯ ಮೇಲಿದೆ. ಬೆಲ್ಟಿನ ದಾರಿಗೆ ಕೆಂಪು ನೂಲು ಹೊಲಿದಿದ್ದಾರೆ. ಗುಂಡುಕಲ್ಲು ಅವರ ಜೊತೆ ಊರೂರು ತಿರುಗುತ್ತದೆ.

ಗಂಡಸಿಯಲ್ಲಿ ಇಳಿದಾಗ ಆರೂಕಾಲು. ನಾವು ಹೋದ ಮನೆಯ ಮಗಳು ಲತಾಮಣಿ ಮೂರು ತಿಂಗಳ ಗಂಡುಕೂಸಿನ ಜೊತೆ ಹಳೇಬೀಡಿನ ಪಕ್ಕದ ಹುಲಿಕೆರೆಗೆ, ಗಂಡನ ಮನೆಗೆ ಹೊರಟಿದ್ದಾಳೆ. ಗಂಡ ರಘು ಕಾರು ತಂದಿದ್ದಾನೆ, ಸೀಟೂ ತಂದಿದ್ದಾನೆ. ಏಳೂವರೆಗೆ ರಾಹುಕಾಲ. ಅಷ್ಟರೊಳಗೆ ಹೊರಡಬೇಕು. ದಾರಿ ಜಾವಗಲ್ ಮೇಲೆಯೇ. ಅಡ್ಡ ನಿಂತಿರುವವರು ಲತಾಮಣಿಯ ಅಜ್ಜಿ ಹುಚ್ಚಮ್ಮ. ಎಂಬತ್ತರ ಹತ್ತಿರ, ಮಾತು ಮಾತ್ರ ಮೂವತ್ತರದು.

“ಕೂಸ್ನ ಎತ್ಕಳಕ್ಕೆ ತಾಯಿಗೆ ಕೈ ಇಲ್ವೇನ್ರೀ? ಕಳ್ಳನ್ನ ಕಟ್ಟಾಕ್ದಂಗೆ ಕಟ್ಟಾಕಬೇಕಾ? ಅದೂ ಹಿಂದಕ್ಕೆ ಮುಖ ಮಾಡಿ! ಹೊಂಟೋರು ಹಿಂದಕ್ಕೆ ತಿರುಗಿ ನೋಡಬಾರ್ದು ಅಂತ ಗೊತ್ತಿಲ್ವಾ?”

“ಅಜ್ಜಿ, ಈಗ ಎಲ್ಲಾರೂ ಹಿಂಗೇ...” ಎನ್ನುತ್ತಾನೆ ರಘು.

“ನೀನು ಸುಮ್ಕಿರಪ್ಪಾ. ಆರು ಮಕ್ಕಳ ಹೆತ್ತೀನಿ. ಒಂದ್ನಾದ್ರೂ ಬೆಲ್ಟ್ ಹಾಕಿ ಬೆಳೆಸಿದ್ನಾ?”

ಅನುಸೂಯಮ್ಮ ಆಗಲೇ ಮಂಡಿಯೂರಿ ಕಾರಿನೊಳಗಿದ್ದಾರೆ. ಅಲ್ಲಿಂದಲೇ ಉತ್ತರ: “ಅವ್ವಾ, ನಿಮ್ಮ ಕಾಲದ ಎತ್ತಿನಗಾಡಿ ಎಷ್ಟು ಜೋರಾಗಿ ಓಡ್ತಿತ್ತು?”

ಹುಚ್ಚಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಸೋತಿಲ್ಲ. “ಮಡಿಲು ತುಂಬಿದ ಮೇಲೆ ಕೂಸ್ನ ಮಡಿಲಿಂದ ಇಳಿಸಬಾರ್ದು. ಅಷ್ಟೇ ನಾ ಹೇಳೋದು.”

ಇದಕ್ಕೆ ಅನುಸೂಯಮ್ಮ ವಾದ ಮಾಡುವುದಿಲ್ಲ. ಅಜ್ಜಿಯನ್ನೇ ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕುತ್ತಾರೆ. ಕಾಲ ಬುಡದಲ್ಲಿ ಹಳೆಯ ಕಂಬಳಿ ಮಡಿಸಿ ಹಾಸುತ್ತಾರೆ. ಚೀಲದಿಂದ ಗುಂಡಪ್ಪನನ್ನು ತೆಗೆದು ಅವರ ಮಡಿಲಿಗೆ ಇಡುತ್ತಾರೆ. “ನಿಮ್ಮ ಮರಿಮಗನಷ್ಟೇ ತೂಕ. ಗಟ್ಟಿಯಾಗಿ ಹಿಡ್ಕಳಿ. ಬಿಡಬ್ಯಾಡಿ.”

ರಘು ಕಾರನ್ನು ಕಣದ ಒಂದು ತುದಿಯಿಂದ ನಿಧಾನವಾಗಿ ಬಿಡುತ್ತಾನೆ. ಪಕ್ಕದಲ್ಲಿ ಓಡಿದರೆ ಹುಡುಗರೇ ಮುಂದೆ ಹೋಗುವಷ್ಟು ನಿಧಾನ. ಅನುಸೂಯಮ್ಮ ಕೈ ಎತ್ತುತ್ತಾರೆ. ರಘು ಬ್ರೇಕು ಒತ್ತುತ್ತಾನೆ. ಒಳಗೆ ಧಪ್ಪೆಂದು ಸದ್ದು. ಕಲ್ಲು ಕಂಬಳಿಯ ಮೇಲೆ ಬಿದ್ದಿದೆ. ಕುಲಾವಿ ಕಳಚಿದೆ. ಹುಚ್ಚಮ್ಮನ ಎರಡು ಕೈಗಳೂ ಹಿಡಿದಂತೆಯೇ ಇವೆ, ಬರಿದಾಗಿ.

ಅನುಸೂಯಮ್ಮ ಕಲ್ಲನ್ನು ಎತ್ತಿ, ಒರೆಸಿ, ಕುಲಾವಿ ಕಟ್ಟಿ, ಮಗುವಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿಯುತ್ತಾರೆ. ಕಾರು ಮತ್ತೆ ಹೊರಡುತ್ತದೆ, ಮತ್ತೆ ಬ್ರೇಕು. ಗುಂಡಪ್ಪ ಕದಲುವುದಿಲ್ಲ.

ಹುಚ್ಚಮ್ಮ ಕೈಚಾಚಿ ಕಲ್ಲಿನ ಕುಲಾವಿ ಮುಟ್ಟುತ್ತಾರೆ. “ಇದು ಯಾರ ಮನೆ ಗುಂಡಪ್ಪ?” ಎಂದು ಕೇಳುತ್ತಾರೆ.

ಅನುಸೂಯಮ್ಮ ಬೆಲ್ಟು ಬಿಚ್ಚುವುದರಲ್ಲಿ ತೊಡಗುತ್ತಾರೆ. ನಾನು ಹೇಳಿದೆ: “ನಮ್ಮನೆಯದು ತಾಯಿ. ಮಡಿಲಿನಿಂದ ಇಳಿಸಬೇಡ ಅಂತ ನಾನೂ ಹೇಳಿದ್ದೆ. ಕೂಸು ಬೇಲೂರು ಸೇರಲಿಲ್ಲ.”

ಏಳು ಗಂಟೆ ಹತ್ತು ನಿಮಿಷ. ಹುಚ್ಚಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ಮೊಮ್ಮಗಳನ್ನು ಗದರುತ್ತಾರೆ: “ಏನೇ ನಿಂತ್ಕಂಡು ನೋಡ್ತೀಯಾ? ಹೊತ್ತಾತು. ಆ ಯಮ್ಮ ಹೇಳ್ದಂಗೆ ಕೂರ್ಸು.”

ಅನುಸೂಯಮ್ಮ ಶಾಸ್ತ್ರವನ್ನೂ ಬಿಡುವುದಿಲ್ಲ. ಗುಂಡಪ್ಪ ಕೂತು ಎದ್ದ ಜಾಗಕ್ಕೆ ಕೂಸು ಬರುತ್ತದೆ. ತೊಡಿಸಿದ್ದ ದಪ್ಪ ಸ್ವೆಟರ್ ಬಿಚ್ಚಿಸುತ್ತಾರೆ. ಪಟ್ಟಿ ಬಿಗಿದು, ಹೆಗಲ ಬಳಿ ಅದನ್ನು ಬೆರಳಿನಿಂದ ಚಿವುಟಿ, ಮಡಿಕೆ ಸಿಗುವುದಿಲ್ಲವೆಂದು ಎರಡು ಸಲ ನೋಡುತ್ತಾರೆ. ಲತಾಮಣಿ ಪಕ್ಕದಲ್ಲಿ ಕೂರುತ್ತಾಳೆ. ಅಕ್ಕಿ, ಬೆಲ್ಲ, ಕೊಬ್ಬರಿ, ಕುಪ್ಪಸದ ಬಟ್ಟೆ ಅವಳ ಮಡಿಲಿನಲ್ಲೇ ಇವೆ. ಬೆಲ್ಟು ಬಿಗಿದ ಮೇಲೆ ಅವಳ ಸೆರಗಿನ ತುದಿಯನ್ನು ಕೂಸಿನ ಕಾಲಿನ ಮೇಲೆ ಹೊದಿಸುತ್ತಾರೆ.

“ಮೊದ್ಲು ಬೆಲ್ಟು, ಆಮೇಲೆ ಸೆರಗು. ಇಷ್ಟು ಮಾಡಿದ್ರೆ ದೇವ್ರೂ ಒಪ್ತಾನೆ, ಅಜ್ಜೀನೂ ಒಪ್ತಾರೆ. ಅರ್ಧ ದಾರೀಲಿ ಗಾಡಿ ನಿಲ್ಸಿ ಕೂಸ್ನ ಎತ್ಕಂಡು ಹಾಲು ಕುಡ್ಸವ್ವ. ಕುಡ್ಸಿ ಮತ್ತೆ ಬಿಗಿ. ಅಳ್ತೈತೆ ಅಂತ ಓಡೋ ಗಾಡೀಲಿ ಬಿಚ್ಚಬ್ಯಾಡ. ಸೇರಿದ ಮೇಲೆ ಫೋನ್ ಮಾಡು.”

ಹುಚ್ಚಮ್ಮ ಬಾಗಿ ಮರಿಮಗನ ಕಾಲು ಮುಟ್ಟುತ್ತಾರೆ. “ಹಿಂದಕ್ಕೇ ನೋಡ್ಕಂಡು ಹೋಗಪ್ಪಾ. ನಾನು ಕಾಣೋಗಂಟ ಕಾಣ್ತೀನಿ.”

ಊರಿನಲ್ಲಿ ಈ ಹೆಂಗಸನ್ನು ಕಲ್ಲು ಅನುಸೂಯಮ್ಮ ಎಂದು ನಗುವವರಿದ್ದಾರೆ. ಸೀಟು ಮಾರುವವರಿಂದ ಕಮಿಷನ್ ತಿನ್ನುತ್ತಾಳೆ ಎಂದವರೂ ಇದ್ದಾರೆ. ಅದನ್ನು ಕೇಳಿದರೆ, “ಅನ್ನಲಿ ಬುಡಿ. ಅಂದೋರ ಮನೇಗೂ ಕೂಸು ಬತ್ತೈತೆ. ಅವಾಗ ಕರೀತಾರೆ, ಹೋಗ್ತೀನಿ” ಎನ್ನುತ್ತಾರೆ.

ಅಂಗಡಿಗೆ ಮರಳಿದಾಗ ಎಂಟೂವರೆ. ಮರಿಯಣ್ಣ ತಟ್ಟೆಗೆ ಉಪ್ಪಿಟ್ಟು ಹಾಕಿಟ್ಟಿದ್ದಾರೆ. ಅನುಸೂಯಮ್ಮ ಮುಟ್ಟುವುದಿಲ್ಲ. ಟ್ರಾಕ್ಟರ್ ಸೀಟಿಗೆ ಹೊಲಿಗೆ ಹಾಕುತ್ತಾ ಆಗಾಗ ಮೊಬೈಲು ನೋಡುತ್ತಾರೆ. “ಇವಳು ಯಾವಾಗ್ಲೂ ಹಿಂಗೇ ಸಾರ್. ಕೂಸು ಊರು ಸೇರೋಗಂಟ ಇವಳ ಹೊಟ್ಟೆಗೂ ಬೀಗ” ಎನ್ನುತ್ತಾರೆ ಮರಿಯಣ್ಣ. ಒಂಬತ್ತಾಗುತ್ತದೆ. ಆ ಗಳಿಗೆಯಲ್ಲಿ ನಾನು ಗೋಡೆಯ ಕೆಂಪು ನೂಲನ್ನು ನೋಡುತ್ತಾ ಕೂತೆ. ಒಂಬತ್ತೂ ಇಪ್ಪತ್ತಕ್ಕೆ ಫೋನು ಬಂತು. ಹುಲಿಕೆರೆ. ಆಚೆಯಿಂದ ಆರತಿಯ ಗದ್ದಲ, ನಡುವೆ ಕೂಸಿನ ಅಳು ಕೇಳಿಸುತ್ತಿತ್ತು.

“ಅಳ್ಲಿ, ಅಳ್ಲಿ” ಎಂದು ಅನುಸೂಯಮ್ಮ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ನಿಮ್ಮ ಆಸೆ ಏನು ಎಂದು ಕೇಳಿದೆ. “ನನ್ನದೇನೈತೆ ಮೇಷ್ಟ್ರೇ? ಹೊಂಟ ಕೂಸು ಊರು ಸೇರಬೇಕು. ಅಷ್ಟೆ.” ಚೀಲದಿಂದ ಕಲ್ಲನ್ನು ತೆಗೆದು, ಹೊಲಿಗೆ ಯಂತ್ರದ ಪಕ್ಕದಲ್ಲಿ ಅದರ ಜಾಗಕ್ಕೆ ಇಟ್ಟರು.

ಮಾಲೇಕಲ್ಲಿನ ವೆಂಕಟರಮಣಾ, ನಿನ್ನ ಬೆಟ್ಟ ಹತ್ತುವ ಶಕ್ತಿ ಈಗ ನನ್ನ ಕಾಲಿಗಿಲ್ಲ. ಇಲ್ಲಿಂದಲೇ ಕೈಮುಗಿಯುತ್ತೇನೆ. ನಮ್ಮ ಗಾನವಿ ನಿನ್ನಲ್ಲಿಗೆ ಬಂದಿದ್ದಾಳೆ. ಅವಳಿಗೆ ಶಾಂತಿ ಕೊಡು. ಅವಳನ್ನು ನಿನ್ನ ಮಡಿಲಿನಿಂದ ಇಳಿಸಬೇಡ.