ಮೊದಲು ಊಟ, ಆಮೇಲೆ ಬೈಗುಳ

ನನ್ನ ಅತ್ತಿಗೆ ಲೀಲಾಕ್ಷಿ ಕುಂದಾಪುರದಿಂದ ಮದುವೆಯಾಗಿ ಪುಣೆಗೆ ಬಂದವಳು. ಅಣ್ಣ ತೀರಿಹೋದ ಮೇಲೆ ಸದಾಶಿವ ಪೇಠೆಯ ಹೋಟೆಲು ನನಗೆ, ಅದರ ಮೇಲಿನ ಕೋಣೆಗಳು ಅವಳಿಗೆ ಬಂದವು. ಅವನ್ನು ಓದುವ ಹುಡುಗರಿಗೆ ಬಾಡಿಗೆಗೆ ಕೊಟ್ಟಳು. ನನಗೆ ಆ ಹುಡುಗರನ್ನು ಕಂಡರೆ ಉರಿ. ಬಕೆಟ್ಟು ತುಂಬಿ ನೀರು ಹರಿಯುತ್ತಿದ್ದರೂ ಮೊಬೈಲಿನಿಂದ ತಲೆ ಎತ್ತುವುದಿಲ್ಲ. ಅವಳದ್ದು ಮಾತ್ರ ಒಂದೇ ಕಟ್ಟಳೆ: ಯಾರು ಏನು ಎಡವಟ್ಟು ಮಾಡಿದರೂ ಮೊದಲು ಊಟ, ಆಮೇಲೆ ಬೈಗುಳ.

ಈ ಸಲ ಹೋಳಿ ಬಣ್ಣದ ಮಧ್ಯಾಹ್ನ ಅವಳು ಗಲ್ಲಾದಲ್ಲಿ ಕೂತಿದ್ದಳು. ಮೇಲಿನ ಕೋಣೆಯ ಭೀಮು ಬಂದ. ವಿಜಯಪುರದ ಹುಡುಗ, ಮೈಯೆಲ್ಲ ಬಣ್ಣ.

“ಲೀಲಕ್ಕ, ಲಿಂಬು ನೀರು ಕೊಡ್ರಿ. ಸಕ್ಕರಿ ಬ್ಯಾಡ, ಉಪ್ಪು ಜಾಸ್ತಿ.”

“ಚಹಾಕ್ಕೆ ಪಾಯಸದಷ್ಟು ಸಕ್ಕರೆ ಹಾಕಿಸ್ಕೊಳ್ಳುವವ ನೀನು. ಇದು ಯಾರಿಗೆ ಮಾರಾಯ?”

ಅವನು ತಲೆ ತಗ್ಗಿಸಿದ. “ನಮ್ಮ ರೂಮಿನ ಸುಹಾಸಗ್ರಿ. ಭಾಳ ಕುಡದಾನ. ಎಬ್ಬಿಸಿದ್ರ ಏಳವಲ್ಲ. ಅಣ್ಣಾರಿಗೆ ಹೇಳಬ್ಯಾಡ್ರಿ, ಹೊರಗ ಹಾಕ್ತಾರ.”

ಅಣ್ಣಾರು ಅಂದರೆ ನಾನು. ಅಡುಗೆಮನೆಗೆ ಎಲ್ಲ ಕೇಳಿಸಿತ್ತು. ಸೌಟು ಹಿಡಿದೇ ಮೆಟ್ಟಿಲು ಹತ್ತಿದೆ. ಅತ್ತಿಗೆ ನನಗಿಂತ ಮುಂದಿದ್ದಳು.

ಸುಹಾಸ ಅಂಗಾತ ಬಿದ್ದಿದ್ದ. ಕಟವಾಯಿಯಲ್ಲಿ ವಾಂತಿ. ತುಟಿ ಬಿಳಚಿಕೊಂಡಿತ್ತು. ಉಸಿರು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು.

“ಏ ಕತ್ತೆ...” ಎಂದು ಶುರು ಮಾಡಿದೆ.

“ಮಹಾಲಿಂಗ, ಬೈಯೂದು ಆಮೇಲೆ. 108ಕ್ಕೆ ಫೋನ್ ಮಾಡು.”

ಫೋನಿನ ಆ ಕಡೆಯ ಹೆಂಗಸು ಮರಾಠಿಯಲ್ಲಿ ಹೇಳಿದಳು: ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಒಂಟಿಯಾಗಿ ಬಿಡಬೇಡಿ. ಅಷ್ಟರಲ್ಲಿ ಭೀಮು ನೀರಿನ ಲೋಟವನ್ನೇ ಅವನ ಬಾಯಿಗೆ ಹಿಡಿದಿದ್ದ. ಕಿತ್ತುಕೊಂಡೆ. ಅತ್ತಿಗೆ ಸುಹಾಸನನ್ನು ಹೊರಳಿಸಿ, ಬಾಯಿ ಒರೆಸಿ, ಮೂಗಿನ ಹತ್ತಿರ ಕೈ ಹಿಡಿದು, “ಸುಹಾಸ, ಏ ಮಗಾ” ಎಂದು ಕರೆಯುತ್ತಲೇ ಇದ್ದಳು.

ಗಾಡಿ ಬಂತು. ಗಲ್ಲಿ ತುಂಬ ಬಣ್ಣದ ಜನ. ಗಾಡಿಯ ಮುಂದೆ ಓಡುತ್ತ, ಬಾಯಿಗೆ ಬಂದಂತೆ ಬೈದು ದಾರಿ ಬಿಡಿಸಿದೆ. ಅವತ್ತಾದರೂ ನನ್ನ ಬಾಯಿ ಕೆಲಸಕ್ಕೆ ಬಂತು. ಹುಡುಗ ಬದುಕಿದ. ಲಿಂಬು ನೀರೋ ಬರೀ ನೀರೋ ಕುಡಿಸಿದ್ದರೆ ಶ್ವಾಸಕೋಶಕ್ಕೆ ಹೋಗಬಹುದಿತ್ತು ಎಂದರು ಡಾಕ್ಟರು.

ಆಸ್ಪತ್ರೆಯಿಂದ ಬಂದವನನ್ನು ಅತ್ತಿಗೆ ಹೋಟೆಲಿನಲ್ಲೇ ಕೂರಿಸಿ ಗಂಜಿ, ಮಿಡಿ ಉಪ್ಪಿನಕಾಯಿ ಬಡಿಸಿದಳು. ನಾನು ಎದುರಿಗೆ ನಿಂತೆ.

“ಅತ್ತಿಗೆ, ಈಗ ಶುರು ಮಾಡ್ಲಾ?”

“ಅವ ಉಣ್ಲಿ.”

ಅವನು ನಿಧಾನವಾಗಿ ಉಂಡ. ಇನ್ನೊಂದು ಸಲ ಹಾಕಿಸಿಕೊಂಡ. ಮತ್ತೂ ತಟ್ಟೆ ಮುಂದೆ ಚಾಚಿದ.

“ಬೈಗುಳಕ್ಕ ಹೆದರಿ ಉಣ್ಣಾಕತ್ಯಾನ್ರಿ ಅಣ್ಣಾ!” ಎಂದ ಭೀಮು.

ಉಣ್ಣಲಿ ಎಂದು ನಾನೇ ಸೌಟು ತುಂಬಿ ಬಡಿಸಿದೆ.