ದಿನದ ಮೊದಲ ಏಟು

ಬೀಸಿದ ಕೋಲನ್ನು ಎದುರಾಳಿಯ ಮೂಗಿಗೆ ಒಂದು ಬೆರಳು ದೂರದಲ್ಲಿ ನಿಲ್ಲಿಸುವ ವಿದ್ಯೆಯನ್ನು ಕೋಟೆಯ ತಾಲೀಮು ಮೇಷ್ಟ್ರು ಮೂವತ್ತು ವರ್ಷ ಕಲಿಸಿಕೊಂಡು ಬಂದವರು. "ಒದೆಯೋದು ಕತ್ತೆಗೂ ಬರುತ್ತೆ ಕಣಪ್ಪ, ನಿಲ್ಲಿಸು ನೋಡೋಣ" ಎನ್ನುವ ಮಾತು ದಿನಕ್ಕೆ ನೂರು ಸಲವಾದರೂ ಅವರ ಬಾಯಲ್ಲಿ. ಊಟಕ್ಕೆ ಕೂತರೆ ತುತ್ತು ಕೂಡ ತುಟಿಯ ಹತ್ತಿರ ಒಂದು ಕ್ಷಣ ನಿಂತೇ ಒಳಗೆ ಹೋಗಬೇಕು. ನೊಣ ಹೊಡೆಯಲು ಎತ್ತಿದ ಕೈಯೂ ನಡುವೆಯೇ ನಿಲ್ಲುತ್ತದೆ. ಮನೆಯ ನೊಣಗಳಿಗೆಲ್ಲ ಇದು ಗೊತ್ತಾಗಿಬಿಟ್ಟಿದೆ. ವಯಸ್ಸಾಗಿ ಮೊಣಕಾಲು ಕೈಕೊಟ್ಟಾಗ, ಹಲ್ಲುಚಕ್ರ, ಉಕ್ಕಿನ ಸುರುಳಿ ಎಲ್ಲ ಜೋಡಿಸಿ, ತಮ್ಮ ಬದಲಿಗೆ ಕೋಲು ಬೀಸುವ ಮರದ ಆಳೊಂದನ್ನು ಮಾಡಿದರು. ಅದು ಎಲ್ಲ ವರಸೆಯನ್ನೂ ಕಲಿಯಿತು, ನಿಲ್ಲಿಸುವುದೊಂದನ್ನು ಬಿಟ್ಟು. ಮುರಿದು ಒಲೆಗೆ ಹಾಕೋಣ ಎಂದುಕೊಳ್ಳುವಷ್ಟರಲ್ಲಿ, ಶತ್ರುಗಳು ನದಿ ದಾಟಿದ ಸುದ್ದಿ ಹೊತ್ತು ಬಂದ ದಳಪತಿಯ ಕಣ್ಣಿಗೆ ಅದು ಬಿತ್ತು. "ಇದು ನಿಲ್ಲಿಸಲ್ವಾ? ಹಾಗಾದ್ರೆ ಇನ್ಮೇಲೆ ಇದೇ ಮೇಷ್ಟ್ರು. ನೀವು ಎಣ್ಣೆ ಹಾಕ್ಕೊಂಡಿರಿ" ಎಂದ. ಈಗ ಶಿಷ್ಯರು ಮರಕ್ಕೆ ತಲೆಬಾಗಿ ಏಟು ತಿನ್ನುತ್ತಾರೆ, ಮೇಷ್ಟ್ರು ಎಣ್ಣೆ ಹಾಕುತ್ತಾರೆ. ರಾತ್ರಿಯಿಡೀ ಬಿಗಿದುಕೊಂಡಿದ್ದ ಸುರುಳಿಯ ಮೊದಲ ಏಟು ಪಕ್ಕೆಲುಬು ಮುರಿಯುವಂಥದ್ದು, ಆಮೇಲಿನವು ಅಷ್ಟಿಲ್ಲ. ಅದಕ್ಕೇ ಬೆಳಿಗ್ಗೆ ಶಿಷ್ಯರು ಬರುವ ಮುಂಚೆ ಮೇಷ್ಟ್ರು ಬಾಗಿಲು ಹಾಕಿ, ಅಂಗಿ ಬಿಚ್ಚಿಟ್ಟು, ಅದರೆದುರು ನಿಂತು, ಸುರುಳಿ ಬಿಡಿಸುವ ಕೀಲನ್ನು ತಾವೇ ಎಳೆಯುತ್ತಾರೆ. "ಒಂದು ಮರಳಿನ ಚೀಲ ಇಟ್ಟರೆ ಸಾಲದಾ?" ಎಂದು ಹೆಂಡತಿ, ಬಾತ ಪಕ್ಕೆಗೆ ಕಾವು ಕೊಡುತ್ತಾ ಕೇಳುತ್ತಾಳೆ. "ಅದಕ್ಕೆ ಹೊಡೆಯೋದನ್ನ ಕಲಿಸಿದ್ದು ಚೀಲ ಅಲ್ವಲ್ಲೇ" ಎನ್ನುತ್ತಾರೆ.