ಮೇಷ್ಟ್ರು ಮಾಡಿಕೊಂಡ ಕೀಗಳು

ಸಿಂಚನಾ, ತೇಜಸ್, ನಮ್ಮ ಟೈಪಿಂಗ್ ಮೇಷ್ಟ್ರ ಹೆಬ್ಬೆರಳ ಬುಡದಲ್ಲಿ ಮಾಂಸ ಇಂಗಿ ಗುಳಿ ಬಿದ್ದಿತ್ತು. ಟೀ ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು, ತಲೆಯನ್ನೇ ಬಗ್ಗಿಸಿ ಕುಡಿಯುತ್ತಿದ್ದರು. ನರಗಳ ರೋಗ, ವಾಸಿಯಾಗುವಂಥದ್ದಲ್ಲ.

ನಿಮ್ಮ ತಾತ ತೀರಿಕೊಂಡ ಮೇಲೆ ಮಧುಗಿರಿಯ ತಾಲ್ಲೂಕು ಕಚೇರಿ ಎದುರಿನ ಮೇಷ್ಟ್ರ ಟೈಪಿಂಗ್ ಅಂಗಡಿಗೆ ಕೆಲಸಕ್ಕೆ ಸೇರಿದೆ. ನಾನು ಹಳ್ಳಿ ಶಾಲೆಯಲ್ಲಿ ಓದಿದವಳು, ಜನರೆದುರು ಬಾಯಿ ಬಿಡಲು ನಾಚುವವಳು. ಹಿಂದೆ ಕುಡುಗೋಲು ತಗುಲಿ ಎಡಗೈ ಕಿರುಬೆರಳು ಮಡಚುತ್ತಿರಲಿಲ್ಲ. ಆ ಬೆರಳಿನಿಂದ ಹಿಡಿಯಬೇಕಾದ ಶಿಫ್ಟ್ ಕೀ ಒತ್ತಿ ಒತ್ತಿ ಸಂಜೆಗೆ ಮಣಿಕಟ್ಟು ಊದುತ್ತಿತ್ತು. ನಾನು ಹೇಳಿರಲಿಲ್ಲ, ಅವರೇ ಕಂಡರು.

"ಸೌಟು ಕೈಗೆ ಸಿಗೋ ಕಡೆ ಇಡ್ತೀಯೋ, ಅಟ್ಟದ ಮೇಲಿಡ್ತೀಯೋ? ಕೀ ಮೇಲೆ ಏನ್ ಬರ್ದಿದ್ರೇನಮ್ಮ, ನಾವು ಹೇಳ್ದಂಗೆ ಕೇಳ್ಬೇಕು ಅದು."

ಹೆಬ್ಬೆರಳ ಹತ್ತಿರದ ಕೀಯನ್ನೇ ನನಗೆ ಶಿಫ್ಟ್ ಮಾಡಿಕೊಟ್ಟರು. ಒತ್ತಿ ಹಿಡಿಯಬೇಕಿಲ್ಲ, ಒಮ್ಮೆ ತಟ್ಟಿದರೆ ಸಾಕು. ಹಳೆಯ ಕಂಪ್ಯೂಟರಿಗೂ ಒಗ್ಗುತ್ತದೆಂದು ಅಂಗಡಿಯಲ್ಲಿ ಲಿನಕ್ಸ್ ಎಂಬ ತಂತ್ರಾಂಶ ಹಾಕಿದ್ದರು. ಅದರಲ್ಲಿ ಯಾವ ಕೀಗೆ ಯಾವ ಕೆಲಸವನ್ನಾದರೂ ಒಪ್ಪಿಸಬಹುದಂತೆ.

ತಮಗೂ ಅದನ್ನೇ ಮಾಡಿಕೊಳ್ಳುತ್ತಿದ್ದರು. ಒಂದು ಬೆರಳು ಸೋತಾಗಲೆಲ್ಲ ಅದರ ಅಕ್ಷರಗಳನ್ನು ಉಳಿದ ಬೆರಳುಗಳ ಕೆಳಗೆ ತರುತ್ತಿದ್ದರು. ಎರಡು ವರ್ಷದಲ್ಲಿ ಉಳಿದದ್ದು ಎರಡೇ ಬೆರಳು. ಹತ್ತು ಹನ್ನೆರಡು ಕೀಗಳನ್ನೇ ಎರಡು ಸಲ, ಮೂರು ಸಲ ತಟ್ಟಿ, ಮಿಡಿಗೇಶಿ ಬಸ್ಸಿನಲ್ಲಿ ಬಂದ ಮುದುಕಿಯರ ಪಿಂಚಣಿ ಅರ್ಜಿ ಮುಗಿಸುತ್ತಿದ್ದರು. ಇನ್ನು ಸಾಕು ಮಾಡಿ ಎಂದವರಿಗೆ, "ಟೈಪ್ ಮಾಡೋವರ್ಗೂ ಮೇಷ್ಟ್ರು, ನಿಲ್ಸಿದ್ ದಿನ್ದಿಂದ ರೋಗಿ ಕಣಪ್ಪ" ಎನ್ನುತ್ತಿದ್ದರು.

ಆ ವರ್ಷದ ಆಯುಧಪೂಜೆಯ ಹೊತ್ತಿಗೆ ಅವರು ತುಮಕೂರಿನ ಆಸ್ಪತ್ರೆಯಲ್ಲಿದ್ದರು. ನಾನು ಅಂಗಡಿ ತೊಳೆದೆ. ಕಂಪ್ಯೂಟರಿನ ಹೊರಗೆ ಒರೆಸಿದರೆ ಸಾಲದು, ಒಳಗೂ ಚೊಕ್ಕಟವಾಗಿರಲೆಂದು ಅವರ ಫೈಲುಗಳನ್ನೆಲ್ಲ ತೆರೆದು ನೋಡಿದೆ. ಅರ್ಜಿಗಳನ್ನು ಉಳಿಸಿದೆ. ಒಂದರಲ್ಲಿ ಯಾರ ಹೆಸರೂ ಇರಲಿಲ್ಲ, ಬರೀ ಅರ್ಥವಿಲ್ಲದ ಅಕ್ಷರ, ಅಂಕಿ. ಕಸವೆಂದುಕೊಂಡು ಅಳಿಸಿ, ಮತ್ತೆ ಸಿಗದಂತೆ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ವಿಭೂತಿ ಹಚ್ಚಿ ಹೂವಿಟ್ಟೆ.

ಮೇಷ್ಟ್ರು ಆಸ್ಪತ್ರೆಯಿಂದ ಬಂದು ಕೂತು ತಟ್ಟಿದರು. ಕೀಗಳು ತಮ್ಮ ಮೇಲೆ ಅಚ್ಚಾಗಿದ್ದ ಅಕ್ಷರವನ್ನೇ ಮೂಡಿಸಿದವು. ನಾನು ಅಳಿಸಿದ್ದು, ಯಾವ ಕೀಗೆ ಯಾವ ಅಕ್ಷರವೆಂದು ಅವರು ಬರೆದಿಟ್ಟಿದ್ದ ಫೈಲೆಂದು ನನಗೆ ಆಗ ತಿಳಿಯಿತು. ಅದನ್ನು ಮತ್ತೆ ಬರೆಯಲು ಅವರಿಗೆ ಆ ಕೀಗಳೇ ಬೇಕಿತ್ತು. ಅವರು ಹೇಳಿದಂತೆ ನಾನು ಬರೆಯಲು ಕೂತೆ. ಅವರ ನಾಲಿಗೆ ತೊದಲುತ್ತಿತ್ತು, ಯಾವ ಅಕ್ಷರ ಎಲ್ಲಿತ್ತೆಂದು ಅವರ ಬೆರಳಿಗೆ ಗೊತ್ತಿತ್ತೇ ಹೊರತು ಬಾಯಿಗೆ ಬರಲಿಲ್ಲ. ಮೂರನೇ ದಿನ ನನ್ನ ಕೈ ತಡೆದರು.

"ಬುಡಮ್ಮ. ಆಸ್ಪತ್ರೆಗೆ ಹೋಗೋ ಮುಂಚೆ ನಾನೇ ಅಳಿಸ್ಬುಟ್ಟಿದೀನಿ. ಕೈ ಆಯ್ತು, ಈಗ ತಲೇನೂ ಹೋಯ್ತು."

ಅಳಿಸಿದ್ದು ನಾನು ಎಂದು ಹೇಳಲು ಬಾಯಿ ತೆರೆದೆ. "ಊಟ ಮಾಡಿ ಮೇಷ್ಟ್ರೇ" ಎಂದೆ.

ಮತ್ತೆ ಅವರು ಆ ಕುರ್ಚಿಗೆ ಬರಲಿಲ್ಲ. ಸಂಕ್ರಾಂತಿಗೆ ಮೊದಲೇ ಹೋದರು, ತಲೆ ಕೆಟ್ಟಿತೆಂದು ನಂಬಿಕೊಂಡೇ. ಅವರು ಕಲಿಸಿದ ಕೆಲಸದಿಂದ ನಿಮ್ಮಪ್ಪನನ್ನು ಓದಿಸಿದೆ. ಅವನಿಗೂ ಇದನ್ನು ಹೇಳಿಲ್ಲ. ಮೇಷ್ಟ್ರ ತಲೆ ಕೊನೆಯವರೆಗೂ ನೆಟ್ಟಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಇಲ್ಲ. ನಾನು ಬರೆದಿಟ್ಟ ಈ ಹಾಳೆಗಳನ್ನು ಜೋಪಾನವಾಗಿಡಿ.